ಸೀಲು ಹಾಕಿದ ಲಿಫ್ಟು

ಏಳನೆಯ ಪ್ರಶ್ನೆಗೆ ಬಂದು ಪೆನ್ನು ನಿಂತಿತು. ‘ನಾನು ಇತರರನ್ನು ಸುಲಭವಾಗಿ ನಂಬುತ್ತೇನೆ’ ಎಂದು ಅಚ್ಚಾಗಿತ್ತು. ಅದರ ಮುಂದೆ ಐದು ಚೌಕಗಳು. ಪೂರ್ತಿ ಒಪ್ಪುತ್ತೇನೆ ಎಂಬುದರಿಂದ ಹಿಡಿದು ಸುತರಾಂ ಒಪ್ಪುವುದಿಲ್ಲ ಎಂಬುದರವರೆಗೆ. ಸೀಲಪ್ಪನವರು ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ಓದಿದರು. ಇತರರು ಅಂದರೆ ಯಾರು? ಹೆಂಡತಿಯೋ, ಹಾಲಿನವನೋ, ಕಟ್ಟಡದ ಮಾಲೀಕನೋ? ಮೂವತ್ತಾರು ವರ್ಷ ಲಿಫ್ಟುಗಳ ತಪಾಸಣೆ ಮಾಡಿದವನನ್ನು ಕೂರಿಸಿಕೊಂಡು ಕೇಳುವ ಪ್ರಶ್ನೆಯೇ ಇದು?

ಸುತರಾಂ ಚೌಕಕ್ಕೆ ಗುರುತು ಹಾಕಿ ಅವರು ಕೈ ಎತ್ತಿದರು.

“ಮೇಡಂ, ಆಸ್ಪತ್ರೆ ಯಂತ್ರದ ವಿಷಯ ಮಾತಾಡೋಕೆ ಅಂತ ಕರೆದಿದೀರಿ. ನಾನು ಬೇಗ ಗಾಬರಿ ಬೀಳ್ತೀನಾ, ಹೊಸ ಊರು ನೋಡೋಕೆ ಇಷ್ಟಾನಾ, ಬೀರು ಅಚ್ಚುಕಟ್ಟಾಗಿ ಇಟ್ಕೋತೀನಾ, ಇದೆಲ್ಲ ಯಾಕೆ?”

ಸಭೆ ನಡೆಸುತ್ತಿದ್ದ ತರುಣಿ ನಗರಸಭೆಯವಳು. ಈ ಪ್ರಶ್ನೆ ಬಂದೇ ಬರುತ್ತದೆಂದು ಕಾದಿದ್ದವಳಂತೆ ನಕ್ಕಳು. “ಯಾರು ಯಾಕೆ ಹಾಗೆ ಯೋಚಿಸ್ತಾರೆ ಅಂತ ವಿಶ್ವವಿದ್ಯಾಲಯದವರು ನೋಡ್ತಾರಂತೆ ಸಾರ್. ಸ್ವಭಾವಕ್ಕೂ ಅಭಿಪ್ರಾಯಕ್ಕೂ ನಂಟಿದೆಯಂತೆ. ಓದು, ಕೆಲಸ, ಬೆಳೆದ ರೀತಿ, ಎಲ್ಲಾನೂ ಲೆಕ್ಕಕ್ಕೆ ಬರತ್ತಂತೆ.”

“ಅಂದ್ರೆ ನಾನು ಬಾಯಿ ಬಿಡೋಕೆ ಮುಂಚೇನೇ ನಾನು ಏನು ಹೇಳ್ತೀನಿ ಅಂತ ಈ ಹಾಳೆ ಹೇಳ್ಬಿಡತ್ತೆ.”

“ನಂದು ನನ್ನ ಹೊಟ್ಟೆ ನೋಡಿದ್ರೇ ಗೊತ್ತಾಗತ್ತೆ, ಹಾಳೆ ಯಾಕೆ ಖರ್ಚು?” ಎಂದು ಮೂಲೆಯಲ್ಲಿ ಕೂತಿದ್ದ ದಪ್ಪ ಆಸಾಮಿ ಅಂದ. ಬಸ್ ಡ್ರೈವರು. ಎಲ್ಲರೂ ನಕ್ಕರು, ಗ್ರಂಥಾಲಯದ ಓದುಕೋಣೆಯ ಬಿಗುವು ಸ್ವಲ್ಪ ಸಡಿಲವಾಯಿತು.

ಸೀಲಪ್ಪ ಎಂಬುದು ಮನೆಯವರು ಇಟ್ಟ ಹೆಸರಲ್ಲ, ಕಟ್ಟಡಗಳ ಕಾವಲುಗಾರರು ಇಟ್ಟದ್ದು. ಅವರ ಸ್ಕೂಟರು ಗೇಟಿನ ಹತ್ತಿರ ನಿಂತಿತೆಂದರೆ “ಸೀಲಪ್ಪ ಬಂದ” ಎಂದು ಒಬ್ಬರಿಗೊಬ್ಬರು ಕಣ್ಣು ಮಿಟುಕಿಸುತ್ತಿದ್ದರು. ಬ್ರೇಕು ಸವೆದಿದ್ದರೆ, ಬಾಗಿಲಿನ ಕೊಂಡಿ ಸಡಿಲವಿದ್ದರೆ ಅವರು ಹೆಚ್ಚು ಮಾತಾಡುತ್ತಿರಲಿಲ್ಲ. ಲಿಫ್ಟಿನ ಬಾಗಿಲಿಗೆ ತಂತಿ ಬಿಗಿದು, ಸೀಸದ ಬಿಲ್ಲೆ ಒತ್ತಿ, ಕೆಂಪು ಚೀಟಿ ಅಂಟಿಸಿ, ಅದರ ಮೇಲೆ ಸಹಿ ಮಾಡಿ ಹೊರಟುಬಿಡುತ್ತಿದ್ದರು. ಬೆನ್ನ ಹಿಂದೆ ಯಾರು ಏನು ಬೈದರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಅವರ ಅವಧಿಯಲ್ಲಿ ಊರಿನಲ್ಲಿ ಒಂದೇ ಒಂದು ಲಿಫ್ಟು ಬಿದ್ದಿರಲಿಲ್ಲ. ನಿವೃತ್ತಿಯ ದಿನ ಮೇಲಧಿಕಾರಿ ಮಾಡಿದ ಭಾಷಣದಲ್ಲಿ ಅವರಿಗೆ ನೆನಪಿದ್ದದ್ದು ಆ ಒಂದು ಮಾತು ಮಾತ್ರ. ಹೆಂಡತಿಯೂ ಪ್ರೀತಿ ಬಂದಾಗ, ಸಿಟ್ಟು ಬಂದಾಗ ಸೀಲಪ್ಪ ಎಂದೇ ಕರೆಯುತ್ತಿದ್ದಳು.

ಊರಿನ ದೊಡ್ಡಾಸ್ಪತ್ರೆಯ ತುರ್ತು ವಿಭಾಗಕ್ಕೆ ಕೃತಕ ಬುದ್ಧಿಮತ್ತೆಯ ಯಂತ್ರವೊಂದನ್ನು ತರುವ ಮಾತು ನಡೆದಿತ್ತು. ಬಂದ ರೋಗಿಗಳ ನಾಡಿ, ಉಸಿರು, ಹೇಳಿಕೊಂಡ ನೋವು ಎಲ್ಲ ನೋಡಿ ಯಾರನ್ನು ಮೊದಲು ಒಳಗೆ ಕಳಿಸಬೇಕು ಎಂದು ಅದು ನಿರ್ಧರಿಸುತ್ತದೆ. ಅದಕ್ಕೆ ಎಂಥ ನಿಯಮ ಇರಬೇಕು, ಯಾರ ಹಿಡಿತ ಇರಬೇಕು ಎಂದು ಸಾಮಾನ್ಯ ಜನರನ್ನೇ ಕೇಳಿ ತೀರ್ಮಾನಿಸೋಣವೆಂದು ನಗರಸಭೆ ಚೀಟಿ ಎತ್ತಿ ಹನ್ನೆರಡು ಮಂದಿಯನ್ನು ಆರಿಸಿತ್ತು. ಮೂರು ಶನಿವಾರ, ಬೆಳಿಗ್ಗೆ ಹತ್ತರಿಂದ ಒಂದರವರೆಗೆ. ಪತ್ರ ಬಂದ ದಿನ ಸೀಲಪ್ಪನವರು ಅದನ್ನು ಎರಡು ಸಲ ಓದಿ, ನಿಜವಾದದ್ದೇ ಎಂದು ನಗರಸಭೆಗೆ ಫೋನು ಮಾಡಿ ಕೇಳಿ, ಆಮೇಲೆ ಒಪ್ಪಿಗೆ ಬರೆದರು.

ಹಾಜರಿ ಹಾಳೆ ಕೈಯಿಂದ ಕೈಗೆ ದಾಟಿ ಬಂತು. ಅವರು ಸಹಿ ಮಾಡಿ ಪಕ್ಕದವಳಿಗೆ ಕೊಟ್ಟರು. ಆಕೆಗೆ ನಲವತ್ತರ ಆಸುಪಾಸು, ಕೂದಲು ಕತ್ತರಿಸುವ ಸಣ್ಣ ಪಾರ್ಲರೊಂದನ್ನು ಒಬ್ಬಳೇ ನಡೆಸುತ್ತೇನೆಂದು ಪರಿಚಯ ಹೇಳಿಕೊಂಡಿದ್ದಳು. ಹಾಳೆಯನ್ನು ಇಸಿದುಕೊಂಡವಳು ತಕ್ಷಣ ಬರೆಯಲಿಲ್ಲ. ಏನೋ ತಪ್ಪು ಹುಡುಕುವವಳ ಹಾಗೆ ಸ್ವಲ್ಪ ಹೊತ್ತು ನೋಡಿ, ಆಮೇಲೆ ತನ್ನ ಹೆಸರು ಗೀಚಿ ಮುಂದಕ್ಕೆ ತಳ್ಳಿದಳು.

ಆ ದಿನ ಸೀಲಪ್ಪನವರು ಚೆನ್ನಾಗಿಯೇ ಮಾತಾಡಿದರು. “ಯಂತ್ರ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಜೀವಮಾನ ಎಲ್ಲ ಯಂತ್ರದ ಜೊತೆಗೇ ಇದ್ದವನು. ಆದ್ರೆ ಅದು ಸರಿಯಾಗಿ ಓಡ್ತಿದ್ದಷ್ಟು ದಿನ ಅದರ ಕಡೆ ಯಾರೂ ತಿರುಗಿ ನೋಡಲ್ಲ. ಅಪಾಯ ಇರೋದು ಅಲ್ಲೇ. ಮೊದಲು ಪೂರ್ತಿ ಪರೀಕ್ಷೆ ಆಗ್ಲಿ. ಪಾಸಾದ್ರೆ ತರಲಿ. ಅಲ್ಲೀವರೆಗೂ ಬಾಗಿಲು ಹಾಕಿರ್ಲಿ.”

“ಅಲ್ಲ ಸಾರ್, ನಂಗೆ ಒಂದೇ ಪ್ರಶ್ನೆ,” ಎಂದ ಬಸ್ ಡ್ರೈವರು. “ನನ್ನ ಹೆಂಡ್ತಿನ ಅದು ಹದಿನೈದನೇ ನಂಬರಿಗೆ ಹಾಕ್ತು ಅನ್ಕೊಳ್ಳಿ. ನಾನು ಯಾರ ಮೇಲೆ ರೇಗಬೇಕು? ಇಪ್ಪತ್ತು ವರ್ಷದಿಂದ ಬಸ್ಸು ಲೇಟಾದ್ರೆ ಊರೋರೆಲ್ಲ ನನಗೆ ಬೈತಾರೆ. ಬೈಸ್ಕೊಳ್ಳೋಕಾದ್ರೂ ಒಬ್ಬ ಮನುಷ್ಯ ಬೇಕು ಸ್ವಾಮಿ.”

ಮೊದಲ ದಿನದ ಒಲವು ತಿಳಿಯಲೆಂದು ಕೈ ಎತ್ತಿಸಿದರು. ಪರೀಕ್ಷೆ ಮುಗಿಯುವತನಕ ಬೇಡ ಎಂಬುದಕ್ಕೆ ಏಳು ಕೈ. ನಾಲ್ಕು ಮಂದಿ ಇನ್ನೂ ಯೋಚಿಸುತ್ತೇವೆ ಅಂದರು. ನಾಳೆಯೇ ಬರಲಿ, ತಡೆ ಏನೂ ಬೇಡ ಎಂಬುದಕ್ಕೆ ಒಂದೇ ಕೈ ಮೇಲೆದ್ದಿತು, ಪಾರ್ಲರಿನವಳದು. ಯಾಕೆ ಎಂದು ತರುಣಿ ಕೇಳಿದ್ದಕ್ಕೆ, “ಮುಂದಿನ ವಾರ ಹೇಳ್ತೀನಿ” ಅಂದಳು.

ಮನೆಯಲ್ಲಿ ಹೆಂಡತಿ ಒದ್ದೆ ಕೂದಲಿಗೆ ಟವೆಲು ಸುತ್ತಿಕೊಂಡು ಕೂತಿದ್ದಳು. ನಗರಸಭೆಯ ಈಜುಕೊಳದಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಈಜು ಕಲಿಸಿದವಳು. ಈಗಲೂ ದಿನಾ ಹೋಗಿ ಒಂದು ಗಂಟೆ ನೀರಿನಲ್ಲಿ ಬಿದ್ದಿರುತ್ತಾಳೆ. ಗಂಡ ಗ್ಯಾಸಿನ ಗುಬುಟನ್ನು ಮೂರು ಸಲ ಮುಟ್ಟಿ ನೋಡಿ ಮಲಗಿದರೆ, ಈಕೆ ಚಲಿಸುವ ಬಸ್ಸಿನಿಂದ ಇಳಿಯುವವಳು. ಮೊಣಕಾಲು ನೋವಿಗೆ ಏನು ಮಾಡಲಿ ಎಂದು ಡಾಕ್ಟರಿಗಿಂತ ಮೊದಲು ಫೋನಿನೊಳಗಿನ ಯಂತ್ರವನ್ನೇ ಕೇಳಿದ್ದಳು.

“ಏನು ಬರೆದ್ರಿ ಆ ಹಾಳೇಲಿ? ನಂಬ್ತೀನಿ ಅಂತಾನಾ?”

“ಸುತರಾಂ ಇಲ್ಲ ಅಂತ.”

“ಅಯ್ಯೋ, ನಲವತ್ತು ವರ್ಷ ನನ್ನ ಕೈಯಡುಗೆ ನಂಬಿ ಉಂಡಿದೀರಲ್ಲ ಮಾರಾಯ್ರೆ.” ಅವಳು ಟವೆಲು ಬಿಚ್ಚಿ ಕೊಡವಿದಳು. “ನನ್ನ ಕರೆದಿದ್ರೆ ಮೊದಲ ದಿನವೇ ಯಂತ್ರದ ಪರ ಕೈ ಎತ್ತಿ, ಹನ್ನೊಂದಕ್ಕೆಲ್ಲ ಮನೇಗೆ ಬಂದಿರ್ತಿದ್ದೆ.”

ಎರಡನೆಯ ಶನಿವಾರ ತುರ್ತು ವಿಭಾಗದ ಹಿರಿಯ ನರ್ಸೊಬ್ಬರು ಬಂದು ವಿವರಿಸಿದರು. ಸಂಜೆ ಹೊತ್ತು ನಲವತ್ತು ಜನ ಕಾಯುತ್ತಿರುತ್ತಾರೆ, ನೋಡುವವರು ಮೂವರು. ಬೇರೊಂದು ಊರಿನಲ್ಲಿ ಪರೀಕ್ಷೆಗೆಂದು ಇಟ್ಟಿದ್ದಾಗ, ಹೊಟ್ಟೆಯುರಿ ಎಂದು ಸುಮ್ಮನೆ ಕೂತಿದ್ದವನಿಗೆ ಹೃದಯಾಘಾತ ಆಗುತ್ತಿದೆ ಎಂದು ಯಂತ್ರ ಹೇಳಿತ್ತು, ನಿಜವಾಗಿತ್ತು. ಅದೇ ಯಂತ್ರ ಒಂದು ಮಗುವಿನ ಜ್ವರವನ್ನು ಹಗುರವೆಂದು ಹಿಂದಕ್ಕೆ ತಳ್ಳಿಯೂ ಇತ್ತು. ಎರಡನ್ನೂ ಮುಚ್ಚಿಡದೆ ಹೇಳಿ ನರ್ಸು ಕೈಗಡಿಯಾರ ನೋಡಿಕೊಂಡು ಎದ್ದು ಹೋದರು, ಪಾಳಿಗೆ ಹೊತ್ತಾಗಿತ್ತು.

“ನೋಡಿದ್ರಾ?” ಎಂದರು ಸೀಲಪ್ಪನವರು. “ಆ ಮಗು ನಮ್ಮನೇದಾಗಿದ್ರೆ?”

“ಹೊಟ್ಟೆಯುರಿ ಅಂದ್ಕೊಂಡವರು ನಮ್ಮನೆಯವರಾಗಿದ್ರೆ?” ಎಂದಳು ಪಾರ್ಲರಿನವಳು.

ಅವಳು ಮಾತಾಡುವವಳಲ್ಲ ಎಂದು ಎಲ್ಲರೂ ತೀರ್ಮಾನಿಸಿಯಾಗಿತ್ತು. ಎಲ್ಲರೂ ಅವಳ ಕಡೆ ತಿರುಗಿದರು.

“ನಮ್ಮಮ್ಮನಿಗೆ ಹೃದಯದ ಕಾಯಿಲೆ ಇತ್ತು,” ಎಂದು ಅವಳು ಮೇಜಿನ ಮೇಲೆ ಕೈ ಇಟ್ಟುಕೊಂಡು ಶುರುಮಾಡಿದಳು. “ಐದನೇ ಮಹಡೀಲಿ ಮನೆ. ಹದಿನೆಂಟು ವರ್ಷದ ಹಿಂದಿನ ಮಾತು. ಲಿಫ್ಟಿಗೆ ಸೀಲು ಹಾಕಿದ್ರು. ಯಾಕೆ ಅಂತ ಚೀಟೀಲಿ ಬರೆದಿತ್ತು, ನಮಗೆ ಅರ್ಥ ಆಗ್ಲಿಲ್ಲ. ಎರಡು ದಿನ ಅಂದ್ರು. ಆಮೇಲೆ ಒಂದು ವಾರ ಅಂದ್ರು. ಅಮ್ಮ ಮನೆಯಿಂದ ಇಳೀಲೇ ಇಲ್ಲ. ಒಂದು ದಿನ ಮಧ್ಯಾಹ್ನ ಎದೆ ಹಿಡ್ಕೊಂಡು ಕೂತ್ಲು. ಆಂಬ್ಯುಲೆನ್ಸ್ ಏಳು ನಿಮಿಷದಲ್ಲಿ ಬಂತು, ಕೆಳಗೆ ನಿಂತಿತ್ತು. ಊಟದ ಮೇಜಿನ ಕುರ್ಚೀಲಿ ಕೂರಿಸಿ ನಾಲ್ಕು ಜನ ಇಳಿಸಿದ್ರು. ಮೂರನೇ ಮಹಡಿ ತಿರುವಿನಲ್ಲಿ ಕುರ್ಚಿ ಕಾಲು ಕಂಬಿಗೆ ಸಿಕ್ಕಿಹಾಕಿಕೊಳ್ತು. ಬಿಡಿಸೋಕೆ ಹೊತ್ತಾಯ್ತು. ಎರಡನೇ ಮಹಡಿಗೆ ಬರೋ ಹೊತ್ತಿಗೆ ಅಮ್ಮನ ಕುತ್ತಿಗೆ ವಾಲಿತ್ತು.” ಅವಳು ಸುತ್ತ ಯಾರನ್ನೂ ನೋಡಲಿಲ್ಲ. “ಲಿಫ್ಟು ಬೀಳ್ಲಿಲ್ಲ, ನಿಜ. ಅಮ್ಮ ಬಿದ್ಲು. ನಿಲ್ಲಿಸಿದ್ರಿಂದ ಸತ್ತೋರನ್ನ ಯಾರೂ ಲೆಕ್ಕ ಇಡಲ್ಲ. ಅದಕ್ಕೇ ನಂಗೆ ಯಾವ ಸೀಲೂ ಬೇಡ. ನಾಳೇನೇ ಬರ್ಲಿ.”

ಯಾರೋ ನೀರಿನ ಲೋಟವನ್ನು ಅವಳ ಕಡೆ ಸರಿಸಿದರು.

“ಯಾವ ಕಟ್ಟಡ?” ಎಂದು ಸೀಲಪ್ಪನವರು ಕೇಳಿದರು.

“ಹಳೇ ಅಂಚೆ ಕಚೇರಿ ಎದುರಿಗಿರೋದು. ಕೆಳಗೆ ಕನ್ನಡಕದ ಅಂಗಡಿ ಇತ್ತು.”

“ಅಮ್ಮ ಹೋದದ್ದು ಯಾವ ತಾರೀಕು?”

ಬಸ್ ಡ್ರೈವರು ‘ಇದೇನ್ರೀ’ ಎಂಬಂತೆ ತಿರುಗಿ ನೋಡಿದ. ಅಂಥ ಮಾತಿನ ಮೇಲೆ ತಾರೀಕು ಕೇಳುವವರು ಯಾರಾದರೂ ಇದ್ದಾರೆಯೇ? ಪಾರ್ಲರಿನವಳು ಮಾತ್ರ ನೇರವಾಗಿ ಅವರ ಮುಖ ನೋಡಿದಳು. “ಮೂರನೇ ತಾರೀಕು, ಮಾರ್ಚ್,” ಅಂದಳು.

ಕಚೇರಿಯ ರಿಜಿಸ್ಟರು ಕಚೇರಿಯಲ್ಲೇ ಉಳಿದಿತ್ತು, ಆದರೆ ಜೇಬಿನ ಪುಸ್ತಕಗಳು ಸೀಲಪ್ಪನವರ ಸ್ವಂತದವು. ವರ್ಷಕ್ಕೆ ನಾಲ್ಕು, ರಬ್ಬರು ಹಾಕಿ ಬೀರುವಿನ ಕೆಳಗಿನ ಖಾನೆಯಲ್ಲಿ ಜೋಡಿಸಿಟ್ಟಿದ್ದರು. ಆ ವರ್ಷದ ಮೊದಲ ಪುಸ್ತಕ ಸಿಗಲು ಐದು ನಿಮಿಷವೂ ಬೇಕಾಗಲಿಲ್ಲ. ಫೆಬ್ರವರಿ ಒಂಬತ್ತು. ಕಟ್ಟಡದ ವಿಳಾಸ. ‘ಲಿಫ್ಟು ಎಳೆಯುವ ನಾಲ್ಕು ಉಕ್ಕಿನ ಹಗ್ಗಗಳಲ್ಲಿ ಎರಡನೆಯದು. ಎಳೆ ಒಂದು ಸುತ್ತು ಬರುವಷ್ಟು ಉದ್ದದಲ್ಲಿ ಹತ್ತೊಂಬತ್ತು ತಂತಿ ಕಡಿದಿವೆ. ಸೀಲು.’ ಅವರಿಗೆ ಉಸಿರು ಸರಾಗವಾಯಿತು. ಹತ್ತೊಂಬತ್ತು! ಯಾರೇ ಆಗಲಿ ಸೀಲು ಹಾಕಲೇಬೇಕಾಗಿತ್ತು. ಪುಟ ಮಗುಚಿದರು.

‘ಫೆಬ್ರವರಿ ಇಪ್ಪತ್ತು: ಹೊಸ ಹಗ್ಗ ಹಾಕಿರುವುದಾಗಿ ಕಂಪನಿಯ ಪತ್ರ. ಮರುತಪಾಸಣೆಗೆ ಅರ್ಜಿ. ಸರದಿ ಸಂಖ್ಯೆ ಮೂವತ್ತೊಂದು.’

ಇನ್ನೆರಡು ಪುಟ ದಾಟಿ: ‘ಮಾರ್ಚ್ ಹದಿನಾಲ್ಕು: ನಾಲ್ಕೂ ಹಗ್ಗ ಹೊಸತು, ಉತ್ತಮ. ಸೀಲು ತೆಗೆದಿದೆ.’

ಹೆಂಡತಿ ಬಂದು ನೋಡಿದಾಗ ಅವರು ನೆಲದ ಮೇಲೇ ಕೂತಿದ್ದರು, ಪುಸ್ತಕ ತೊಡೆಯ ಮೇಲೆ ತೆರೆದಿತ್ತು. ಸಭೆಯಲ್ಲಿ ನಡೆದದ್ದನ್ನು ಹೇಳಿದರು. ಆಮೇಲೆ ಮೂರೂ ತಾರೀಕುಗಳನ್ನು ಬೆರಳಿಟ್ಟು ತೋರಿಸಿದರು.

“ಲಿಫ್ಟು ಸರಿಯಾಗಿತ್ತು ಕಣೇ. ಆ ತಾಯೀನ ಕುರ್ಚೀಲಿ ಹೊತ್ತುಕೊಂಡು ಇಳಿಸಿದ ದಿನ ಪಕ್ಕದಲ್ಲೇ ಲಿಫ್ಟು ಸರಿಯಾಗಿ ನಿಂತಿತ್ತು. ಹನ್ನೊಂದು ದಿನದಿಂದ. ಅಡ್ಡ ಇದ್ದದ್ದು ನನ್ನ ಸೀಲು ಒಂದೇ.”

“ನೀವೊಬ್ರೇ ಇದ್ರಲ್ಲ ಆಗ ಇಡೀ ಊರಿಗೆ.”

“ದಿನಾ ಅದರ ಮುಂದೇನೇ ಸ್ಕೂಟರಲ್ಲಿ ಹೋಗ್ತಿದ್ದೆ. ನಿಲ್ಲಿಸಿ ಹತ್ತಿದ್ರೆ ಇಪ್ಪತ್ತು ನಿಮಿಷದ ಕೆಲಸ. ಸರದಿ ಬಂದಿರ್ಲಿಲ್ಲ ಅಂತ ನಿಲ್ಲಿಸಲಿಲ್ಲ.”

ಅವಳು ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತಳು.

“ಅವಳಿಗೆ ಇದು ಗೊತ್ತಿಲ್ಲ,” ಎಂದರು ಅವರು. “ಲಿಫ್ಟು ಕೆಟ್ಟಿತ್ತು, ಅದಕ್ಕೇ ನಿಂತಿತ್ತು ಅಂತಾನೇ ಅಂದ್ಕೊಂಡಿದಾಳೆ. ಹೋಗಿ ಹೇಳಬೇಕು.”

ನೀರಿನ ಆಳ ನೋಡದೆ ಧುಮುಕುವವಳು ಹೋಗಿ ಅನ್ನುತ್ತಾಳೆ ಎಂದುಕೊಂಡಿದ್ದರು. ಅವಳು ತಲೆ ಅಲ್ಲಾಡಿಸಿದಳು. “ಹೇಳಿದ್ರೆ ಸಮಾಧಾನ ಯಾರಿಗೆ? ಅವಳಿಗಾ, ನಿಮಗಾ? ಅದನ್ನ ಮೊದಲು ತೀರ್ಮಾನ ಮಾಡ್ಕೊಳ್ಳಿ.”

ಐದು ದಿನ ಅದನ್ನೇ ಯೋಚಿಸಿದರು. ಗುರುವಾರ ಮಧ್ಯಾಹ್ನ ಪುಸ್ತಕವನ್ನು ಜೇಬಿಗೆ ಹಾಕಿಕೊಂಡು ಹೊರಟರು.

ಪಾರ್ಲರು ಔಷಧಿ ಅಂಗಡಿಯ ಪಕ್ಕದ ಒಂದೇ ಕೋಣೆ. ಎರಡು ಕುರ್ಚಿ, ಗೋಡೆಯುದ್ದಕ್ಕೂ ಕನ್ನಡಿ, ನೆಲದ ಮೇಲೆ ಯಾರದೋ ಕಂದು ಕೂದಲಿನ ಸುರುಳಿಗಳು. ಅವಳು ಪೊರಕೆಯಿಂದ ಅವನ್ನು ಒಟ್ಟುಮಾಡುತ್ತಿದ್ದಳು. ಕನ್ನಡಿಯಲ್ಲಿಯೇ ಅವರನ್ನು ಕಂಡಳು.

“ಕೂದಲು ಕತ್ತರಿಸಬೇಕಾ?”

ಹೌದು ಅನ್ನದೆ, ಅಲ್ಲ ಅನ್ನದೆ ಅವರು ಕುರ್ಚಿಯ ಮೇಲೆ ಕೂತರು. ಅವಳು ಬಿಳಿ ಬಟ್ಟೆ ಕೊಡವಿ ಕುತ್ತಿಗೆಗೆ ಸುತ್ತಿ ಹಿಂದೆ ಗಂಟು ಹಾಕಿದಳು, ನೀರು ಚಿಮುಕಿಸಿದಳು, ಬಲಗಡೆಯಿಂದ ಶುರುಮಾಡಿದಳು. ಕಿವಿಯ ಮೇಲೆ ಕತ್ತರಿ ಚಕಚಕ ಅನ್ನುತ್ತಿತ್ತು.

“ಆ ಸೀಲು ಹಾಕಿದವನು ನಾನೇ,” ಎಂದರು ಸೀಲಪ್ಪನವರು.

“ಗೊತ್ತು.” ಕತ್ತರಿ ನಿಲ್ಲಲಿಲ್ಲ. “ಹಾಜರಿ ಹಾಳೇಲೇ ಗೊತ್ತಾಯ್ತು. ಕೊನೇಲಿ ಬಾಲ ಸುತ್ತಿ ಕೆಳಗೆ ಎರಡು ಚುಕ್ಕಿ ಇಡ್ತೀರಲ್ಲ. ಆ ಕೆಂಪು ಚೀಟಿ ನೋಡ್ಕೊಂಡೇ ಒಂದು ತಿಂಗಳ ಮೇಲೆ ಮೆಟ್ಟಿಲು ಹತ್ತಿದೀನಿ ನಾನು.” ತಲೆಯನ್ನು ಬೆರಳಿನಿಂದ ಸ್ವಲ್ಪ ಬಗ್ಗಿಸಿದಳು. “ಮೊದಮೊದಲು ನಿಮ್ಮ ಮನೆ ಹುಡುಕಿಕೊಂಡು ಬರ್ಬೇಕು ಅನ್ಕೋತಿದ್ದೆ. ಆಮೇಲೆ ಒಬ್ರು ಲಿಫ್ಟ್ ಮೆಕ್ಯಾನಿಕ್ಕು ಕೂದಲು ಕಟ್ ಮಾಡ್ಸೋಕೆ ಬಂದಿದ್ರು. ಹಗ್ಗ ಕೆಟ್ಟಿದ್ರೆ ಹಾಕಲೇಬೇಕಮ್ಮ, ಇಲ್ದಿದ್ರೆ ಹತ್ತು ಜನ ಒಟ್ಟಿಗೆ ಹೋಗ್ತಿದ್ರು ಅಂದ್ರು. ಸರಿ ಅಂತ ಹೊಟ್ಟೆಗೆ ಹಾಕ್ಕೊಂಡೆ.”

ಇಲ್ಲಿಗೆ ಸುಮ್ಮನಿದ್ದುಬಿಡಬಹುದಾಗಿತ್ತು. ಅವಳೇ ಬಾಗಿಲು ತೆರೆದು ಹೊರಗೆ ದಾರಿ ತೋರಿಸಿದ್ದಳು. ಕನ್ನಡಿಯಲ್ಲಿ ತಮ್ಮ ಮುಖ, ಬಿಳಿ ಬಟ್ಟೆಯ ಮೇಲೆ ತೇಲುತ್ತಿರುವ ಹಾಗೆ ಕಾಣುತ್ತಿತ್ತು. ಸೀಲಪ್ಪನವರು ಬಟ್ಟೆಯೊಳಗಿನಿಂದಲೇ ಜೇಬಿಗೆ ಕೈ ಹಾಕಿ ಪುಸ್ತಕ ತೆಗೆದರು.

“ಫೆಬ್ರವರಿ ಇಪ್ಪತ್ತಕ್ಕೆ ಹೊಸ ಹಗ್ಗ ಹಾಕಿಯಾಗಿತ್ತಮ್ಮ. ನಿಮ್ಮ ತಾಯಿ ಹೋದ ದಿನ ಲಿಫ್ಟು ಸರಿಯಿತ್ತು. ನಾನು ಬಂದು ನೋಡಿರ್ಲಿಲ್ಲ. ಸರದೀಲಿ ಮೂವತ್ತು ಅರ್ಜಿ ಮುಂದಿತ್ತು. ಹದಿನಾಲ್ಕಕ್ಕೆ ಬಂದೆ.”

ಕತ್ತರಿ ನಿಂತಿತು. ಔಷಧಿ ಅಂಗಡಿಯಲ್ಲಿ ಯಾರೋ ಕೆಮ್ಮಿನ ಔಷಧಿಯ ಹೆಸರು ಮತ್ತೆ ಮತ್ತೆ ಹೇಳುತ್ತಿರುವುದು ಗೋಡೆಯಾಚೆಯಿಂದ ಕೇಳುತ್ತಿತ್ತು. ಅವಳು ಪುಸ್ತಕ ಇಸಿದುಕೊಳ್ಳಲಿಲ್ಲ. ಅವರು ಮಗುಚಿ ತೋರಿಸಿದ ಪುಟಗಳನ್ನು ಬಗ್ಗಿ, ಭುಜದ ಮೇಲಿನಿಂದಲೇ ಓದಿದಳು. ನಾಲ್ಕಾರು ಸಾಲು ಓದಲು ಅಷ್ಟು ಹೊತ್ತು ಬೇಕಾಗಿರಲಿಲ್ಲ.

“ಯಾಕೆ ಹೇಳಿದ್ರಿ?”

“ಸತ್ತೋರನ್ನ ಯಾರೂ ಲೆಕ್ಕ ಇಡಲ್ಲ ಅಂದಿದ್ರಿ. ಅದಕ್ಕೆ.”

ಅವಳು ಕುತ್ತಿಗೆಯ ಗಂಟು ಬಿಚ್ಚಿ ಬಟ್ಟೆ ಎಳೆದುಕೊಂಡಳು. ಕತ್ತರಿಯನ್ನು ನೀರಿನ ಲೋಟಕ್ಕೆ ಹಾಕಿದಳು. “ಇವತ್ತು ನನ್ನ ಕೈ ಸರಿಯಿಲ್ಲ,” ಅಂದಳು. “ಹೋಗಿ.”

ಬಲಗಡೆ ಒಪ್ಪವಾಗಿ, ಎಡಗಡೆ ಪೊದೆಯಾಗಿ ಸೀಲಪ್ಪನವರು ಬಸ್ಸಿನಲ್ಲಿ ಮನೆಗೆ ಬಂದರು. ಹೆಂಡತಿ ಬಾಗಿಲು ತೆರೆದವಳು ತಲೆಯನ್ನು ನೋಡಿ, ಮುಖವನ್ನು ನೋಡಿ, ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಸಂಜೆ ಬಚ್ಚಲಿನಲ್ಲಿ ಸ್ಟೂಲು ಹಾಕಿ ಕೂರಿಸಿ, ತನಗೆ ತಿಳಿದಂತೆ ಎಡಗಡೆಯನ್ನೂ ಕತ್ತರಿಸಿದಳು. ಅದು ಸರಿಹೋಗಲಿಲ್ಲ.

ಮೂರನೆಯ ಶನಿವಾರ ಬಸ್ ಡ್ರೈವರು ಅವರನ್ನು ಕಂಡವನೇ, “ಇದೇನು ಸಾರ್, ಬ್ರೇಕ್ ಫೇಲಾಗಿದ್ದ ಕತ್ತರಿನಾ?” ಎಂದು ಕೇಳಿದ. ಪಾರ್ಲರಿನವಳು ಆಗಲೇ ಬಂದು ಕೂತಿದ್ದಳು. ತಲೆ ಎತ್ತಲಿಲ್ಲ. ಬರುತ್ತಾಳೋ ಇಲ್ಲವೋ ಎಂದುಕೊಂಡಿದ್ದ ಸೀಲಪ್ಪನವರಿಗೆ ಅದೇ ದೊಡ್ಡದಾಯಿತು.

ಅಂದು ಪ್ರತಿಯೊಬ್ಬರೂ ತಮ್ಮ ಸಲಹೆಯನ್ನು ಬರೆದು ಓದಬೇಕಾಗಿತ್ತು. ಅವರ ಸರದಿ ಬಂದಾಗ ಎದ್ದು ನಿಂತರು, ಶಾಲೆಯ ಹುಡುಗನಂತೆ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು.

“ಮೊದಲು ಪರೀಕ್ಷೆ ಆಗಬೇಕು ಅನ್ನೋ ನನ್ನ ಮಾತು ಬದಲಾಗಿಲ್ಲ. ಆದ್ರೆ ಇನ್ನೊಂದು ಸೇರಿಸ್ತೀನಿ. ಯಂತ್ರ ನಿಲ್ಲಿಸಿ ಅಂತ ಹೇಳೋ ಅಧಿಕಾರಿ ಹತ್ತು ದಿನದೊಳಗೆ ತಾನೇ ವಾಪಸ್ ಬಂದು ನೋಡಬೇಕು. ಬರದೇ ಹೋದ್ರೆ ಆ ಸೀಲು ತಾನಾಗಿ ರದ್ದಾಗಬೇಕು.” ಅವರು ಹಾಳೆ ಮಡಿಸಿದರು. “ಹದಿನೆಂಟು ವರ್ಷದ ಹಿಂದೆ ನಾನು ಒಂದು ಲಿಫ್ಟನ್ನ ಸರದಿ ಬರೋವರೆಗೂ ನಿಲ್ಲಿಸಿಟ್ಟಿದ್ದೆ. ಅದು ಸರಿಯಾಗಿದ್ದ ದಿನಗಳಲ್ಲೂ ನಿಂತಿತ್ತು. ಅದರಿಂದ ಒಬ್ಬರು ಜೀವ ಕಳ್ಕೊಂಡ್ರು.”

ಯಾರು, ಯಾವ ಲಿಫ್ಟು ಎಂದು ಅವರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಒಬ್ಬೊಬ್ಬರಾಗಿ ಎಲ್ಲರ ಕಣ್ಣೂ ಪಾರ್ಲರಿನವಳ ಕಡೆ ಹೊರಳಿ, ಮತ್ತೆ ಮೇಜಿಗೆ ಇಳಿದವು. ಬಸ್ ಡ್ರೈವರು ಪೆನ್ನಿನ ಮುಚ್ಚಳವನ್ನು ತೆಗೆದು ಹಾಕಿ ಮಾಡತೊಡಗಿದ.

“ತಾನಾಗಿ ರದ್ದಾಗೋದು ಬೇಡ,” ಎಂದಳು ಪಾರ್ಲರಿನವಳು.

ಸಭೆ ನಡೆಸುತ್ತಿದ್ದ ತರುಣಿಗೆ ಅರ್ಥವಾಗಲಿಲ್ಲ. “ಆದ್ರೆ ನೀವು ತಡೆನೇ ಬೇಡ ಅಂದಿದ್ರಲ್ಲ?”

“ಈಗಲೂ ಅಷ್ಟೇ ಅಂತೀನಿ. ನಂಗೆ ಯಂತ್ರ ಬರ್ಲಿ. ಆದ್ರೆ ನೀವೆಲ್ಲ ಸೇರಿ ಸೀಲು ಇಡೋದೇ ಆದ್ರೆ, ದಿನ ಮುಗೀತು ಅಂತ ನೋಡದೇ ತೆಗೆಯೋದು ಇನ್ನೂ ಕೆಟ್ಟದ್ದು. ಹಗ್ಗ ಬದಲಾಯಿಸದೇ ಇದ್ದಿದ್ರೆ?” ಅವಳು ಮೊದಲ ಬಾರಿಗೆ ಸೀಲಪ್ಪನವರ ಕಡೆ ತಿರುಗಿದಳು. “ನೋಡ್ಬೇಕು. ಬಂದು ನೋಡ್ಬೇಕು. ಒಬ್ರಿಗೆ ಆಗಲ್ಲ ಅಂದ್ರೆ ಇಬ್ರನ್ನ ಇಡ್ಲಿ. ಮತ್ತೆ, ಯಾವುದು ತುರ್ತು ಅಂತ ನೋಡಿ ಅದನ್ನ ಮೊದಲು ನೋಡ್ಲಿ. ಅರ್ಜಿ ಬಂದ ಸರದಿ ನೋಡೋದಲ್ಲ.”

“ಇಬ್ಬರು ಇರ್ಲಿ,” ಎಂದು ಸೀಲಪ್ಪನವರು ಮೆಲ್ಲಗೆ ಅಂದರು. “ನಿಲ್ಲಿಸಿದ ದಿನದಿಂದ, ಯಂತ್ರ ಮಾಡ್ತಿದ್ದ ಕೆಲಸ ಯಾರು ಮಾಡ್ತಾರೆ ಅನ್ನೋದೂ ಅದೇ ಚೀಟೀಲಿ ಬರೆದಿರಬೇಕು. ಹೆಸರು ಹಾಕಿ.”

“ಹೆಸರಿನ ಜೊತೆ ಫೋನ್ ನಂಬರೂ ಹಾಕ್ಲಿ,” ಎಂದ ಬಸ್ ಡ್ರೈವರು. “ಬೈಯೋಕೆ.”

ಆ ಅಂಶವನ್ನು ಬರೆದು ಮುಗಿಸಲು ಮುಕ್ಕಾಲು ಗಂಟೆ ಹಿಡಿಯಿತು. ‘ತುರ್ತು’ ಎಂಬ ಪದ ಬೇಕೋ ‘ಜೀವಕ್ಕೆ ಸಂಬಂಧಿಸಿದ’ ಎಂಬುದು ಬೇಕೋ ಎಂದೇ ಹತ್ತು ನಿಮಿಷ ಜಗ್ಗಾಡಿದರು. ಒಬ್ಬರು ಅಂದದ್ದನ್ನು ಇನ್ನೊಬ್ಬರು ಹೊಡೆದು, ಅವರು ಹೊಡೆದದ್ದನ್ನು ಮತ್ತೊಬ್ಬರು ಉಳಿಸಿ, ಕೊನೆಗೆ ನಾಲ್ಕು ಸಾಲು ನಿಂತವು. ಆ ನಾಲ್ಕು ಸಾಲಿಗೆ ಹನ್ನೆರಡೂ ಕೈ ಎದ್ದವು. ಆಮೇಲೆ ಮೂಲ ಪ್ರಶ್ನೆ ಬಂತು: ಯಂತ್ರಕ್ಕೆ ಮೊದಲು ಪರೀಕ್ಷೆಯೋ, ಈಗಲೇ ಬಳಕೆಯೋ? ಮೊದಲು ಪರೀಕ್ಷೆ ಎಂಬುದಕ್ಕೆ ಏಳು, ಈಗಲೇ ಎಂಬುದಕ್ಕೆ ಐದು. ಸೀಲಪ್ಪನವರು ಏಳರಲ್ಲಿದ್ದರು. ಪಾರ್ಲರಿನವಳು ಐದರಲ್ಲಿದ್ದಳು. ಯೋಚಿಸುತ್ತೇವೆ ಎಂದು ಮೊದಲ ದಿನ ಹೇಳಿದ್ದ ನಾಲ್ವರೂ ಅವಳ ಕಡೆ ಬಂದಿದ್ದರು.

ತರುಣಿ ಎಲ್ಲರಿಗೂ ಕೈಮುಗಿದು ಕಾಗದಗಳನ್ನು ಚೀಲಕ್ಕೆ ತುಂಬಿಕೊಂಡಳು. ಬಸ್ ಡ್ರೈವರು ಎಲ್ಲರ ಕೈ ಕುಲುಕಿ, ಪಾಳಿಗೆ ತಡವಾಯಿತೆಂದು ಓಡಿದ.

ಸೀಲಪ್ಪನವರು ಹೊರಗೆ ಬಂದಾಗ ಪಾರ್ಲರಿನವಳು ಗ್ರಂಥಾಲಯದ ಪಕ್ಕದ ವಾಹನ ನಿಲುಗಡೆಯ ಬಳಿ ಬಸ್ಸಿಗೆ ಕಾಯುತ್ತ ನಿಂತಿದ್ದಳು. ಒಂದರ ಬಿಸಿಲು ನೆತ್ತಿಯ ಮೇಲಿತ್ತು. ದಾಟಿ ಹೋಗುವುದೋ ನಿಲ್ಲುವುದೋ ತಿಳಿಯದೆ ಅವರು ನಾಲ್ಕು ಹೆಜ್ಜೆ ದೂರದಲ್ಲಿ ನಿಂತರು.

“ಒಂದು ಕೇಳ್ಬೇಕು,” ಅಂದಳು ಅವಳು. “ಸೀಲು ಹಾಕದೇ ಬಿಟ್ಟಿದ್ರೆ, ಆ ಲಿಫ್ಟು ಬೀಳ್ತಿತ್ತಾ?”

ಹೌದು ಎಂದರೆ ಅವಳಿಗೂ ಹಗುರ, ತಮಗೂ ಹಗುರ ಎಂದು ಅವರಿಗೆ ಗೊತ್ತಿತ್ತು. “ಹೇಳೋಕಾಗಲ್ಲಮ್ಮ. ಇದ್ದದ್ದು ನಾಲ್ಕು ಹಗ್ಗ. ಒಂದು ಹೋದ್ರೆ ಮೂರು ಹಿಡಿಬೇಕು. ಆದ್ರೆ ಆ ಮೂರೂ ಅದರ ವಯಸ್ಸಿನವೇ. ಮಾರನೇ ದಿನ ಹೋಗಬಹುದಿತ್ತು. ಇನ್ನೂ ಎರಡು ವರ್ಷ ಓಡಬಹುದಿತ್ತು.”

“ದಿನಕ್ಕೆ ಆರು ಸಲ ಅದರಲ್ಲಿ ಹತ್ತಿ ಇಳೀತಿದ್ದೆ ನಾನು. ಎಷ್ಟೋ ಸಲ ಅಮ್ಮನ ಜೊತೆ.” ಅವಳು ಒಂದು ಹೆಜ್ಜೆ ಹತ್ತಿರ ಬಂದಳು. “ನಿಮ್ಮ ಪುಸ್ತಕದಲ್ಲಿ ಹತ್ತೊಂಬತ್ತು ಅಂತ ಇತ್ತಲ್ಲ, ಹೇಗೆ ಎಣಿಸಿದ್ರಿ? ಅಷ್ಟು ಸಣ್ಣ ತಂತಿ, ಕಣ್ಣಿಗೆ ಕಾಣತ್ತಾ?”

“ಮೊದಲು ಕಣ್ಣಿಗೆ ಕಾಣಲ್ಲ. ಬಟ್ಟೆಗೆ ಸಿಗತ್ತೆ.”

ವಾಹನ ನಿಲುಗಡೆಯ ಅಂಚಿಗೆ ಮೊಣಕಾಲೆತ್ತರದ ಕಂಬಗಳನ್ನು ನೆಟ್ಟು, ಬೇಲಿಯ ಹಾಗೆ ಹಳೆಯ ಉಕ್ಕಿನ ಹಗ್ಗವನ್ನು ಎಳೆದು ಕಟ್ಟಿದ್ದರು. ಸೀಲಪ್ಪನವರು ಜೇಬಿನಿಂದ ಕರವಸ್ತ್ರ ತೆಗೆದು, ಬಗ್ಗಿ, ಅದನ್ನು ಹಗ್ಗದ ಸುತ್ತ ಹಗುರವಾಗಿ ಹಿಡಿದು ಎಳೆದರು. ಒಂದು ಮೊಳ ಸಲೀಸಾಗಿ ಜಾರಿದ ಬಟ್ಟೆ ಥಟ್ಟನೆ ನಿಂತಿತು. ಬಿಡಿಸಿ ತೋರಿಸಿದರು. ಕಡಿದ ತಂತಿಯೊಂದು ಕೂದಲೆಳೆಯಷ್ಟು ಮೇಲೆದ್ದು, ಅದರ ತುದಿಯಲ್ಲಿ ಕರವಸ್ತ್ರದ ಬಿಳಿ ನೂಲು ಸಿಕ್ಕಿಕೊಂಡಿತ್ತು.

“ಗಟ್ಟಿಯಾಗಿ ಹಿಡೀಬಾರದು,” ಅಂದರು. “ಹಿಡಿದ್ರೆ ಗೊತ್ತಾಗಲ್ಲ.”

ಅವಳು ಕೈ ಚಾಚಿ ಕರವಸ್ತ್ರ ತೆಗೆದುಕೊಂಡಳು. ಚೀಲವನ್ನು ಹೆಗಲ ಹಿಂದಕ್ಕೆ ಸರಿಸಿ, ಬಗ್ಗಿ, ಬಟ್ಟೆಯನ್ನು ಹಗ್ಗಕ್ಕೆ ಸುತ್ತಿದಳು. ಒಂದು ಕಂಬ ದಾಟಿದಳು. ನಿಂತಳು, ಬಿಡಿಸಿದಳು, ತುಟಿ ಅಲುಗಿಸಿ ಏನೋ ಎಣಿಸಿಕೊಂಡಳು. ಮತ್ತೆ ಮುಂದಕ್ಕೆ ಎಳೆದಳು. ಅವಳ ಬಸ್ಸು ಬಂದು, ಹಾರ್ನು ಮಾಡಿ, ಹೋಯಿತು. ಅವಳು ಮುಂದಿನ ಕಂಬದ ಕಡೆ, ಬಗ್ಗಿದ ಬೆನ್ನು ಎತ್ತದೆ, ಹೆಜ್ಜೆ ಹೆಜ್ಜೆಯಾಗಿ ಸಾಗುತ್ತಿದ್ದಳು.